ಗಾಜು ಒರೆಸುವವನು

ಮೂವತ್ತೊಂದು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು ನಾನು, ಝಿಗ್ಮಾಸ್.
ತುಳುಕದಂತೆ ತಿರುವು ದಾಟುವುದು ಕೈಗೆ ಗೊತ್ತು.
ಅದಕ್ಕೇ ಇರಬೇಕು, ಬಿಷಪ್ಪರ ಕಚೇರಿಯವರು
ಜಪಸರ ಉಂಟೇ ಎಂದು ಕೇಳಲಿಲ್ಲ,
ಲೈಸೆನ್ಸು ಕೇಳಿದರು.

ವ್ಯಾನಿನ ಹಿಂದಿನ ಸೀಟು ಕಿತ್ತು, ಕುರಿಯುಣ್ಣೆ ಹಾಸಿ,
ಮಾತೆಯ ಪಟ ನಿಲ್ಲಿಸಿ ಎರಡು ಬೆಲ್ಟು ಬಿಗಿದೆವು.
ಮೊಳಕ್ಕಿಂತ ತುಸು ಎತ್ತರ. ಲಿಂಡನ್ ಮರದ ಹಲಗೆ.
ಮುಖ ಹೊಗೆ ಕುಡಿದು ಕುಡಿದು ರೈ ರೊಟ್ಟಿಯ ಬಣ್ಣ.
ಮಗು ಅವಳ ಹೆಬ್ಬೆರಳು ಹಿಡಿದಿದೆ,
ನನ್ನ ಡ್ರೈವಿಂಗ್ ಬಗ್ಗೆ ಮೊದಲೇ ಕೇಳಿದ್ದಂತೆ.

ಝೆಮೈತಿಯಾದ ನಲವತ್ತು ಧರ್ಮಕೇಂದ್ರ, ಐದು ಮಠ, ಒಂದು ಸೆರೆಮನೆ.
ಊರ ಗಡಿಯಲ್ಲಿ ಕಾದು ನಿಂತಿರುತ್ತಾರೆ,
ಬೀಟ್‌ರೂಟ್ ಲಾರಿಗಳಿಗೆ ದಾರಿ ಬಿಡುತ್ತ,
ಬೆಂಕಿ ಆರಿಸುವವರು ಹೆಲ್ಮೆಟ್ಟು ಕಂಕುಳಲ್ಲಿಟ್ಟು.
ಒಂದೂರಲ್ಲಿ ಬ್ಯಾಂಡಿನವರು ತಪ್ಪಿ ಮದುವೆಯ ಧಾಟಿ ನುಡಿಸಿದರು.
ಯಾರೂ ತಡೆಯಲಿಲ್ಲ. ಅವಳೂ ಬೇಡವೆನ್ನಲಿಲ್ಲ.

ಪೂಜೆ ಮುಗಿದು, ಕೊನೆಯ ಮೇಣದಬತ್ತಿ ಊದಿ
ಮುದುಕಿಯರು ಹೊರಟ ಮೇಲೆ ನನ್ನ ಕೆಲಸ.
ಗಾಜಿನ ತುಂಬ ತುಟಿಗಳು.
ಬಣ್ಣ ಬಳಿದದ್ದು, ಹಲ್ಲಿಲ್ಲದ್ದು, ಜೇನು ತಿಂದ ಮಗುವಿನದು,
ತೀರಾ ಕೆಳಗೆ, ಮಂಡಿಯೂರಿ ನಡೆದು ಬಂದವಳದು.
ಸೆರೆಮನೆಯಲ್ಲಿ ಮಾತ್ರ ಒಂದು ಹಣೆಯ ಗುರುತು,
ತುಂಬ ಹೊತ್ತು ಒತ್ತಿ ಹಿಡಿದದ್ದು.
ಮೊದಮೊದಲು ವಿನೆಗರ್ ಹಾಕಿ ಉಜ್ಜುತ್ತಿದ್ದೆ, ಕಿಟಕಿ ಉಜ್ಜಿದ ಹಾಗೆ.
ಈಗ ಬರೀ ಬಿಸಿನೀರು, ಒಂದು ಅಗಸೆನಾರಿನ ಬಟ್ಟೆ.
ಹೆಂಡತಿ ನೇಯ್ದದ್ದು. ಮಗ್ಗ ಮಾರಿಯಾಯಿತು.

ಕಾರ್ಮೆಲ್ ಮಠದಲ್ಲಿ
ಕಂಬಿಯಾಚೆಗೆ ಪಟ ದಾಟಿಸಿದೆವು, ಬಾಗಿಲು ಮುಚ್ಚಿತು.
ರಾತ್ರಿಯಿಡೀ ಒಳಗೇನಾಯಿತೋ, ನಾನು ವ್ಯಾನಿನಲ್ಲಿ ಮುದುಡಿದ್ದೆ.
ಬೆಳಗಿನ ಜಾವ, ಮಾತಾಡಬಾರದ ಹೊತ್ತಿನಲ್ಲಿ,
ಅಂಗಳದ ಬಾಗಿಲು ಸರಿಸಿ ಸಿಸ್ಟರ್ ಬೆನಿಗ್ನಾ
ನನ್ನ ಗಾಲಿಯನ್ನೇ ನೋಡುತ್ತಿದ್ದಾಳೆ.
ಎಂಬತ್ತೆಂಟು ವಯಸ್ಸು. ಮೂವತ್ತು ವರ್ಷ ಈ ಗೋಡೆಯೊಳಗೆ,
ಅದಕ್ಕೂ ಮೊದಲು ಅಂಗಿ ಹೊಲಿವ ಕಾರ್ಖಾನೆಯಲ್ಲಿ ಗುಟ್ಟಿನ ಸನ್ಯಾಸಿನಿ.
"ಉಝ್‌ಲಂಕೆ ಕಡೆಯಿಂದ ಬಂದೆಯಾ?"
"ನಿನ್ನೆ. ಸೇತುವೆ ಕೆಟ್ಟಿದೆ, ಹೊಲದ ದಾರಿ ಹಿಡಿದೆ."
ಬಗ್ಗಿದಳು. ಮಡ್‌ಗಾರ್ಡಿನೊಳಗೆ ಬೆರಳಿಟ್ಟು
ಕೆಂಪು ಜೇಡಿಯ ಹೆಂಟೆಯೊಂದನ್ನು ಕಿತ್ತು ಮೂಸಿದಳು.
"ನಮ್ಮ ಹೊಲದ್ದಲ್ಲ. ಪಕ್ಕದ ಬಲ್ಟುಟಿಸ್ ಮನೆಯವರದು.
ಕಳ್ಳರು, ಬದು ಒತ್ತುತ್ತಿದ್ದರು.
ಇರಲಿ, ಆದೀತು."
ತೋಳಿನ ಮಡಿಕೆಯಲ್ಲಿ ಹೆಂಟೆ ಮರೆಯಾಯಿತು.

ಆಮೇಲಿಂದ ನಾನು ವ್ಯಾನು ತೊಳೆದಿಲ್ಲ.
ಫಾದರ್ ಕಾಯೆತೊನಾಸ್ ಸಿಡುಕಿದರು,
"ಸ್ವರ್ಗದ ರಾಣಿ ಕೂರುವ ಗಾಡಿಯೇ ಇದು?"
ನೀರು ಹೆಪ್ಪುಗಟ್ಟುತ್ತದೆ ಫಾದರ್, ಎಂದೆ.
ನವೆಂಬರ್. ಪೂರ್ತಿ ಸುಳ್ಳಲ್ಲ.

ಕಡೆಯ ಊರಿನ ಇಗರ್ಜಿಯಲ್ಲಿ ನಾಲ್ಕು ಜನ, ಒಂದು ನಾಯಿ.
ಬೀಗದ ಕೈ ಅಂಚೆಯಾಕೆ ಸ್ತೆಫಾನಿಯಾಳ ಸೊಂಟದಲ್ಲಿ.
ಉಳಿದವರೆಲ್ಲ ಐರ್ಲೆಂಡಿನ ಕತ್ತಲೆ ಶೆಡ್ಡುಗಳಲ್ಲಿ ಅಣಬೆ ಕೀಳುತ್ತಾರಂತೆ.
ಅವಳು ಪಟದೆದುರು ಚೀಲ ಇಳಿಸಿ, ಕನ್ನಡಕ ತೆಗೆದು,
ಒಂದು ಮುತ್ತು ಕೊಟ್ಟು, "ಇದು ಮಿಂದೌಗಾಸನದು" ಎಂದಳು.
ಮತ್ತೊಂದು, "ಗ್ರಾಝಿನಾಳದು."
"ಇದು ಅಲ್ಗಿಸನದು, ಅವನು ನಂಬುವುದಿಲ್ಲ, ಆದರೂ."
"ಇದು ಅವನ ಕೂಸಿನದು, ನಾನಿನ್ನೂ ನೋಡಿಲ್ಲ."
ಹೀಗೆ ಹದಿಮೂರು. ಒಂದರ ಮೇಲೊಂದು ಬೀಳದಂತೆ
ಪೆಟ್ಟಿಗೆಯ ಖಾನೆಗಳಲ್ಲಿ ಕಾಗದ ಇಟ್ಟ ಹಾಗೆ.
ತನ್ನದು ಕೊಡಲು ಮರೆತು
ಮೆಟ್ಟಿಲು ಇಳಿದವಳು ಏದುಸಿರಿಡುತ್ತ ವಾಪಸು ಬಂದಳು.

ಆ ರಾತ್ರಿ ನೀರು ಕಾಯಿಸಿದೆ. ಬಟ್ಟೆ ಅದ್ದಿದೆ. ಹಿಂಡಿದೆ.
ಗಾಜಿನೆದುರು ಕೂತೆ.
ಟಾರ್ಚಿನ ಬೆಳಕಿಗೆ ಅವಳ ಕೆನ್ನೆ ಕಾಣಲಿಲ್ಲ,
ಬರೀ ತುಟಿಗಳು, ಮಂಜಿನ ಹಾಗೆ, ಅದರಾಚೆ
ಆ ಹೆಬ್ಬೆರಳು, ಹಿಡಿದ ಪುಟ್ಟ ಮುಷ್ಟಿ.
ನೀರು ತಣ್ಣಗಾಯಿತು.

ಹಾಗೇ ಎತ್ತಿ ಬೆಲ್ಟು ಬಿಗಿದು
ಹಿಮ ಬೀಳುವ ಮೊದಲೇ ಹೊರಟೆ.
ಲಾಗ್ ಪುಸ್ತಕದಲ್ಲಿ ಬರೆದದ್ದು ಇಷ್ಟು:
ಒಟ್ಟು ಎರಡು ಸಾವಿರದ ಮುನ್ನೂರ ಆರು ಕಿಲೋಮೀಟರು.
ಡೀಸೆಲ್ ಕಾಲು ಟ್ಯಾಂಕು.
ಎಡಗಡೆಯ ಹಿಂದಿನ ಗಾಲಿಗೆ ಗಾಳಿ ಕಡಿಮೆ.
ಗಾಜು, ನಾಳೆ.